ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದೇ ಒಂದು ದಿನ: ಮನೆಮಂದಿಯ ಜೊತೆ ಯಾವ ಮ್ಯೂಸಿಯಂಗೆ ಹೋಗಬೇಕು?

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಫೋನ್ ಜಾಸ್ತಿ ಬಡಿದುಕೊಳ್ಳುತ್ತದೆ. ಊರಿನಿಂದ ಯಾರೋ ಯೂರೋಪ್ ಟೂರಿಗೆ ಹೊರಟಿರುತ್ತಾರೆ. ಆಮ್‌ಸ್ಟರ್‌ಡ್ಯಾಮಿಗೆ ಅವರ ಪಟ್ಟಿಯಲ್ಲಿ ಒಂದು ದಿನ ಸಿಕ್ಕಿರುತ್ತದೆ. "ಒಂದು ದಿನದಲ್ಲಿ ಏನೇನು ನೋಡಬಹುದು, ಹೇಳಿ" ಅಂತಾರೆ. ನಾನು ತಿರುಗಿ ಕೇಳುವುದು ಒಂದೇ. "ಜೊತೆಗೆ ಯಾರ್ಯಾರು ಬರ್ತಿದ್ದಾರೆ?"

ಈ ಪ್ರಶ್ನೆ ನನಗೆ ಸುಮ್ನೆ ಹೊಳೆದದ್ದಲ್ಲ. ನಾವು ಇಲ್ಲಿಗೆ ಬಂದ ಮೊದಲ ವರ್ಷ ಅತ್ತೆ, ಮಾವ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೆಳಗ್ಗೆ ರೈಕ್ಸ್‌ಮ್ಯೂಸಿಯಂ, ಮಧ್ಯಾಹ್ನ ವ್ಯಾನ್ ಗೋ ಮ್ಯೂಸಿಯಂ ಎಂದು ಹೊರಟಿದ್ದೆ. ಎರಡೂ ಒಂದೇ ಮೈದಾನದ ಸುತ್ತ ಇವೆ, ನಡೆದರೆ ಐದು ನಿಮಿಷ. ನಕ್ಷೆಯಲ್ಲಿ ಎಷ್ಟು ಸಲೀಸಾಗಿ ಕಾಣುತ್ತದೆ! ಮೂರು ಗಂಟೆ ಹೊತ್ತಿಗೆ ಮಾವ ಒಂದು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಚಿಕ್ಕವಳು ನೆಲದ ಮೇಲೆ ಮಲಗಿದ್ದಳು. ನನ್ನ ಹೆಂಡತಿ ಮಾತಾಡುವುದನ್ನೇ ನಿಲ್ಲಿಸಿದ್ದಳು. ತಪ್ಪು ಮ್ಯೂಸಿಯಮ್ಮಿನದಲ್ಲ, ನನ್ನ ದುರಾಸೆಯದು.

ಅಂದಿನಿಂದ ನಮ್ಮ ಮನೆಯ ಲೆಕ್ಕ ಹೀಗಿದೆ. ಒಂದು ದಿನಕ್ಕೆ ಒಂದು ದೊಡ್ಡ ಮ್ಯೂಸಿಯಂ, ಒಂದು ದೋಣಿ ಸವಾರಿ, ಕಾಲು ಚಾಚಿ ಕೂರಲು ಒಂದು ಬಯಲು. ಯಾವ ಮ್ಯೂಸಿಯಂ ಎನ್ನುವುದನ್ನು ಗುಂಪಿನಲ್ಲಿ ಬೇಗ ದಣಿಯುವವರನ್ನು ನೋಡಿ ತೀರ್ಮಾನಿಸಬೇಕು. ಚಿತ್ರಕಲೆಯ ಹುಚ್ಚಿರುವವರನ್ನು ನೋಡಿ ಅಲ್ಲ.

ರೈಕ್ಸ್‌ಮ್ಯೂಸಿಯಂ: ಅಜ್ಜ ಅಜ್ಜಿ ಜೊತೆಗಿದ್ದರೆ

ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಇಲ್ಲಿ ಬರೀ ಚಿತ್ರಗಳಿಲ್ಲ, ಅದೇ ಕಾರಣ. ಹಡಗು, ಬಂದೂಕು, ಗೊಂಬೆಮನೆ, ಪಿಂಗಾಣಿ ಎಲ್ಲವೂ ಇವೆ. ಮೂರನೇ ಮಹಡಿಯಲ್ಲಿ ಒಂದು ಹಳೆಯ ವಿಮಾನವೂ ಇದೆ. ಯಾರಿಗೆ ಏನು ಇಷ್ಟವೋ ಅದು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಲಿಫ್ಟ್ ಇದೆ, ಕೂರಲು ಜಾಗ ಇದೆ, ಚೀಲ ಇಡಲು ವ್ಯವಸ್ಥೆ ಇದೆ.

ಈಗಿನ ಕಟ್ಟಡ ತೆರೆದದ್ದು 1885ರಲ್ಲಿ. ಕೆಂಪು ಇಟ್ಟಿಗೆ, ಗೋಪುರಗಳು. ಹೊರಗಿನಿಂದ ನೋಡಿದರೆ ಯಾವುದೋ ಅರಮನೆ ಅನ್ನಿಸುತ್ತದೆ. 2003ರಲ್ಲಿ ರಿಪೇರಿಗೆಂದು ಮುಚ್ಚಿದವರು ಪೂರ್ತಿ ತೆರೆದದ್ದು 2013ರಲ್ಲಿ. ಅಷ್ಟು ವರ್ಷ ಎಳೆದುದಕ್ಕೆ ಒಂದು ಕಾರಣ ಸೈಕಲ್ ದಾರಿಯ ಜಗಳ. ಕಟ್ಟಡದ ಹೊಟ್ಟೆಯೊಳಗಿಂದ ಒಂದು ಸೈಕಲ್ ದಾರಿ ಹಾದುಹೋಗುತ್ತದೆ. ಅದನ್ನು ಮುಚ್ಚಲು ಊರಿನವರು ಒಪ್ಪಲೇ ಇಲ್ಲ. ಈಗಲೂ ರೆಂಬ್ರಾಂಟನ ಚಿತ್ರಗಳ ಕೆಳಗೆ ಜನ ತರಕಾರಿ ಚೀಲ ನೇತುಹಾಕಿಕೊಂಡು ಸೈಕಲ್ ತುಳಿದು ಹೋಗುತ್ತಾರೆ. ಆ ಕಮಾನಿನ ಕೆಳಗೆ ಫೋಟೋಕ್ಕೆ ನಿಂತಾಗ ಮಕ್ಕಳ ಕೈ ಬಿಡಬೇಡಿ. ಇಲ್ಲಿನ ಸೈಕಲ್ಲಿನವರು ಬೆಲ್ ಹೊಡೆಯುತ್ತಾರೆ, ಬ್ರೇಕ್ ಹಿಡಿಯುವುದಿಲ್ಲ.

ಒಳಗೆ ಹೋದ ತಕ್ಷಣ ಎರಡನೇ ಮಹಡಿಗೆ ಹೋಗಿಬಿಡಿ. ಅಲ್ಲಿ ಉದ್ದನೆಯ ಹಜಾರದ ಕೊನೆಯಲ್ಲಿ ರೆಂಬ್ರಾಂಟನ 'ನೈಟ್ ವಾಚ್' ಇದೆ. 1642ರ ಚಿತ್ರ. ಅಗಲ ನಾಲ್ಕೂವರೆ ಮೀಟರು, ಎತ್ತರ ಸುಮಾರು 3.8 ಮೀಟರು. ಮೊದಲು ಇನ್ನೂ ದೊಡ್ಡದಿತ್ತು. 1715ರಲ್ಲಿ ಪುರಭವನಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲ ಎಂದು ನಾಲ್ಕೂ ಬದಿ ಕತ್ತರಿಸಿದರು! ಹೆಸರು 'ರಾತ್ರಿ ಕಾವಲು' ಆದರೂ ಚಿತ್ರದಲ್ಲಿರುವುದು ಹಗಲು. ಮೇಲೆ ಬಳಿದ ವಾರ್ನಿಶ್ ಕಪ್ಪಾಗಿ ಜನ ರಾತ್ರಿ ಎಂದುಕೊಂಡರು. ಆ ಹಳೆಯ ವಾರ್ನಿಶ್ ತೆಗೆಯುವ ಕೆಲಸ 2024ರ ನವೆಂಬರಿನಲ್ಲಿ ಶುರುವಾಯಿತು, ಅದೂ ಗಾಜಿನ ಕೋಣೆಯೊಳಗೆ, ನೋಡುವವರ ಎದುರಿಗೇ. ಮಕ್ಕಳಿಗೆ ಚಿತ್ರಕ್ಕಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ. ಜೊತೆಗೆ ಒಂದು ಆಟ ಕೊಡಿ: ಸೊಂಟಕ್ಕೆ ಸತ್ತ ಕೋಳಿ ಕಟ್ಟಿಕೊಂಡ ಹುಡುಗಿ ಎಲ್ಲಿ? ನಾಯಿ ಎಲ್ಲಿ? ಹಿಂದಿನಿಂದ ಒಂದೇ ಕಣ್ಣು ಇಣುಕುತ್ತಿದೆಯಲ್ಲ, ಅದು ಯಾರದು? ಅದು ರೆಂಬ್ರಾಂಟನದ್ದೇ ಎನ್ನುತ್ತಾರೆ.

ಅದೇ ಹಜಾರದಲ್ಲಿ ವರ್ಮೀರನ ಹಾಲು ಸುರಿಯುವ ಹೆಂಗಸಿದ್ದಾಳೆ. ಪೋಸ್ಟರುಗಳಲ್ಲಿ ನೋಡಿ ದೊಡ್ಡ ಚಿತ್ರ ಅಂದುಕೊಂಡಿರುತ್ತೇವೆ. ಎದುರಿಗೆ ನಿಂತರೆ ಅರ್ಧ ಮೀಟರೂ ಇಲ್ಲ. ನನ್ನ ಅತ್ತೆ ಅಲ್ಲಿ ತುಂಬ ಹೊತ್ತು ನಿಂತಿದ್ದರು. "ಹಾಲಿನ ಧಾರೆ ನೋಡು, ಈಗ ತಾನೇ ಬಗ್ಗಿಸಿದ ಹಾಗಿದೆ" ಅಂದರು. ಚಿತ್ರದ ಬಗ್ಗೆ ನಾನು ಓದಿಕೊಂಡು ಬಂದದ್ದನ್ನೆಲ್ಲ ಹೇಳದೆ ಸುಮ್ಮನಾದೆ.

ಗೊಂಬೆಮನೆಯನ್ನು ಮಾತ್ರ ಬಿಡಬೇಡಿ. ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಶ್ರೀಮಂತ ಹೆಂಗಸು 17ನೇ ಶತಮಾನದ ಕೊನೆಯಲ್ಲಿ ಮಾಡಿಸಿದ್ದು. ಪಾತ್ರೆ, ಪರದೆ, ಬುಟ್ಟಿ ಎಲ್ಲವೂ ನಿಜವಾದ ಸಾಮಾನಿನಲ್ಲೇ ಮಾಡಿದ್ದು, ಆದರೆ ಬೆರಳುಗಾತ್ರ. ಪುಟಾಣಿ ಪಿಂಗಾಣಿ ತಟ್ಟೆಗಳನ್ನು ಚೀನಾದಿಂದ ತರಿಸಿದ್ದಳಂತೆ. ಕಾಲುವೆ ಬದಿಯ ನಿಜವಾದ ಮನೆಗೆ ಬೀಳುವಷ್ಟು ಖರ್ಚು ಇದಕ್ಕೇ ಆಗಿತ್ತು. ದಸರಾಕ್ಕೆ ಗೊಂಬೆ ಕೂರಿಸುವ ಮನೆಯವರಾದರೆ ಇಲ್ಲಿಂದ ಅಲುಗಾಡುವುದಿಲ್ಲ, ಅಷ್ಟೇ.

ಇನ್ನೊಂದು ಜಾಗವಿದೆ, ಟೂರಿನವರು ಸಾಮಾನ್ಯವಾಗಿ ಹೋಗುವುದಿಲ್ಲ. ನೀರಿನ ನಡುವೆ ಕಟ್ಟಿದ ಏಷ್ಯಾ ವಿಭಾಗ. ಅಲ್ಲಿ ತಮಿಳುನಾಡಿನ ನಟರಾಜ ಇದ್ದಾನೆ. ಸುಮಾರು 1100ರ ಕಾಲದವನು, ಒಂದೂವರೆ ಮೀಟರ್ ಎತ್ತರ. ಎಕ್ಸ್‌ರೇ ಹಾಕಿ ನೋಡಿದಾಗ ಒಳಗೆ ಟೊಳ್ಳಿಲ್ಲ, ಪೂರ್ತಿ ಗಟ್ಟಿ ಎರಕ ಎಂದು ಗೊತ್ತಾಯಿತು. ಒಂದು ಕಾಲದಲ್ಲಿ ಮೆರವಣಿಗೆ ಹೊರಡುತ್ತಿದ್ದ ಉತ್ಸವಮೂರ್ತಿ. ಅತ್ತೆ ಕೈಮುಗಿದು ನಿಂತರು. ಪಕ್ಕದಲ್ಲಿದ್ದ ಡಚ್ ಅಜ್ಜಿ ಸದ್ದಿಲ್ಲದೆ ಸರಿದು ಜಾಗ ಬಿಟ್ಟರು.

ಕೊರತೆ ಏನು? ದೊಡ್ಡದು, ತೀರಾ ದೊಡ್ಡದು. ಎರಡೂವರೆ ಗಂಟೆಗಿಂತ ಜಾಸ್ತಿ ಇರಬೇಡಿ. ಮೇಲೆ ಹೇಳಿದ ನಾಲ್ಕು ಜಾಗ ನೋಡಿ, ಹೊರಗಿನ ತೋಟಕ್ಕೆ ಬನ್ನಿ. ತೋಟಕ್ಕೆ ಟಿಕೆಟ್ ಬೇಡ. ಬೇಸಿಗೆಯಲ್ಲಿ ಅಲ್ಲೊಂದು ಕಾರಂಜಿ ಇರುತ್ತದೆ, ನೀರಿನ ಗೋಡೆ ಎದ್ದು ಬೀಳುತ್ತದೆ. ಮಕ್ಕಳಿಗೆ ಒಂದು ಜೊತೆ ಒಣ ಬಟ್ಟೆ ಇಟ್ಟುಕೊಂಡಿರಿ.

ವ್ಯಾನ್ ಗೋ ಮ್ಯೂಸಿಯಂ: ಕಥೆ ಕೇಳುವ ವಯಸ್ಸಿನ ಮಕ್ಕಳಿದ್ದರೆ

ಎಂಟರಿಂದ ಹದಿನೈದರೊಳಗಿನ ಮಕ್ಕಳು, ಜೊತೆಗೆ ಅಪ್ಪ ಅಮ್ಮ ಮಾತ್ರ. ಹೀಗಿದ್ದರೆ ನನ್ನ ಓಟು ಇದಕ್ಕೆ. ರೈಕ್ಸ್‌ನಲ್ಲಿ ಎಂಟು ಶತಮಾನ ತಲೆಯೊಳಗೆ ತುಂಬಿಕೊಳ್ಳಬೇಕು. ಇಲ್ಲಿ ಒಬ್ಬನೇ ಮನುಷ್ಯ. ಅದೂ ಬಣ್ಣ ಹಚ್ಚಿದ್ದು ಹತ್ತೇ ವರ್ಷ. ಮೊದಲು ಕಂದು, ಮಣ್ಣಿನ ಬಣ್ಣ, ದೀಪದ ಕೆಳಗೆ ಆಲೂಗಡ್ಡೆ ತಿನ್ನುವ ಬಡವರು (1885). ಆಮೇಲೆ ಪ್ಯಾರಿಸ್, ಅಲ್ಲಿಂದ ದಕ್ಷಿಣ ಫ್ರಾನ್ಸಿನ ಬಿಸಿಲು. ಬಣ್ಣ ಬೆಳಗುತ್ತಾ ಹೋಗುವುದು ಚಿತ್ರಕಲೆ ಗೊತ್ತಿಲ್ಲದವರ ಕಣ್ಣಿಗೂ ಬೀಳುತ್ತದೆ. ಸೂರ್ಯಕಾಂತಿ, ಹಳದಿ ಮಂಚದ ಮಲಗುವ ಕೋಣೆ, ಕಾಗೆಗಳು ಹಾರುವ ಗೋಧಿ ಹೊಲ ಎಲ್ಲ ಇಲ್ಲಿವೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳು, ಏಳುನೂರಕ್ಕೂ ಹೆಚ್ಚು ಪತ್ರಗಳು ಈ ಸಂಗ್ರಹದಲ್ಲಿವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಕ್ಷತ್ರಗಳು ಸುಳಿ ಸುತ್ತುವ ಆ ನೀಲಿ ರಾತ್ರಿಯ ಚಿತ್ರ ಇಲ್ಲಿಲ್ಲ. ಅದು ನ್ಯೂಯಾರ್ಕಿನಲ್ಲಿದೆ. ನಮ್ಮ ಹುಡುಗ ಅದನ್ನೇ ನೋಡಬೇಕೆಂದು ಬಂದು ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದ.

ಅವನನ್ನು ಸರಿಮಾಡಿದ್ದು ಬಾದಾಮಿ ಹೂವಿನ ಚಿತ್ರದ ಕಥೆ. ಹೋಗುವ ಮೊದಲು ನಿಮ್ಮ ಮಕ್ಕಳಿಗೂ ಹೇಳಿ. ವಿನ್ಸೆಂಟನಿಗೆ ಥಿಯೋ ಎಂಬ ತಮ್ಮ. ಅಣ್ಣನ ಖರ್ಚನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. 1890ರಲ್ಲಿ ಥಿಯೋಗೆ ಗಂಡು ಮಗು ಹುಟ್ಟಿತು, ಅಣ್ಣನ ಹೆಸರನ್ನೇ ಇಟ್ಟ. ಆ ಮಗುವಿಗೆ ಉಡುಗೊರೆಯಾಗಿ ವಿನ್ಸೆಂಟ್ ಬರೆದದ್ದು ನೀಲಿ ಆಕಾಶದ ಎದುರಿನ ಬಾದಾಮಿ ಹೂ. ಅದೇ ಜುಲೈನಲ್ಲಿ ವಿನ್ಸೆಂಟ್ ತೀರಿಕೊಂಡ. ಆರು ತಿಂಗಳಲ್ಲಿ ಥಿಯೋ ಕೂಡ ಹೋದ. ಉಳಿದದ್ದು ಥಿಯೋನ ಹೆಂಡತಿ ಯೋ, ಕೈಕೂಸು, ಮನೆ ತುಂಬ ಯಾರೂ ಕೊಳ್ಳದ ಚಿತ್ರಗಳು. ಅವಳು ಅವನ್ನು ಬಿಸಾಡಲಿಲ್ಲ. ಪ್ರದರ್ಶನ ಮಾಡಿಸಿದಳು, ಪತ್ರಗಳನ್ನು 1914ರಲ್ಲಿ ಅಚ್ಚು ಹಾಕಿಸಿದಳು. ಆ ಕೂಸು ದೊಡ್ಡವನಾಗಿ ಸಂಗ್ರಹವನ್ನು ಪ್ರತಿಷ್ಠಾನಕ್ಕೆ ಒಪ್ಪಿಸಿದ. ಅದಕ್ಕೇ 1973ರಲ್ಲಿ ಈ ಮ್ಯೂಸಿಯಂ ತೆರೆಯಿತು. ಅಂದರೆ ವ್ಯಾನ್ ಗೋ ಇಂದು ನಮ್ಮ ಕಣ್ಣಿಗೆ ಬೀಳುತ್ತಿದ್ದರೆ ಅದು ಒಬ್ಬ ತಮ್ಮನ ಹೆಂಡತಿಯಿಂದ. ಇದನ್ನು ಕೇಳಿದ ಮೇಲೆ ನಮ್ಮ ಹುಡುಗ ಮತ್ತೆ ಹಿಂದೆ ಹೋಗಿ ಆ ಹೂಗಳನ್ನು ನೋಡಿ ಬಂದ.

ಒಂದೂವರೆಯಿಂದ ಎರಡು ಗಂಟೆಗೆ ಮುಗಿಯುತ್ತದೆ. ಹೊರಬಂದರೆ ಎದುರಿಗೆ ಮ್ಯೂಸಿಯಂ ಮೈದಾನ, ಸ್ವಲ್ಪ ನಡೆದರೆ ವೊಂಡಲ್ ಪಾರ್ಕ್. ಹುಲ್ಲಿನ ಮೇಲೆ ಉರುಳಾಡಲು ಮಕ್ಕಳಿಗೆ ಬೇರೇನೂ ಬೇಕಿಲ್ಲ. 'ಐ ಆಮ್‌ಸ್ಟರ್‌ಡ್ಯಾಮ್' ಎಂಬ ಕೆಂಪು ಬಿಳಿ ಅಕ್ಷರಗಳಿಗಾಗಿ ಮೈದಾನದಲ್ಲಿ ಹುಡುಕಬೇಡಿ. ಜನಸಂದಣಿ ಜಾಸ್ತಿಯಾಯಿತೆಂದು 2018ರ ಡಿಸೆಂಬರಿನಲ್ಲೇ ತೆಗೆದುಬಿಟ್ಟರು.

ಇದರ ತೊಂದರೆ ಎರಡು. ಗುಂಪು ವಿಪರೀತ, ಹೆಸರಾಂತ ಚಿತ್ರಗಳ ಮುಂದೆ ಸಣ್ಣ ಮಕ್ಕಳಿಗೆ ಕಾಣುವುದು ಬರೀ ಬೆನ್ನುಗಳು. ಬೆಳಗಿನ ಮೊದಲ ಸಮಯ ಸಿಕ್ಕರೆ ಒಳ್ಳೆಯದು. ಎರಡನೆಯದು, ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಗಂಟೆ ನಮೂದಿಸಿಯೇ ಕೊಳ್ಳಬೇಕು. ಬಾಗಿಲಲ್ಲಿ ನಿಂತು ಎಷ್ಟು ಕೇಳಿಕೊಂಡರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಾದರೆ ವಾರಗಟ್ಟಲೆ ಮುಂಚೆ ಕೊಂಡಿಡಿ. ಸಿಗದಿದ್ದರೆ ಬೇಜಾರಾಗಬೇಡಿ, ರೈಕ್ಸ್‌ಗೆ ಹೋಗಿ. ಅಲ್ಲೂ ವ್ಯಾನ್ ಗೋ 1887ರಲ್ಲಿ ಬರೆದ ಒಂದು ಸ್ವಂತ ಮುಖಚಿತ್ರ ಇದೆ, ಎದುರಿಗೆ ಇಷ್ಟು ನೂಕುನುಗ್ಗಲೂ ಇರುವುದಿಲ್ಲ.

ಉಳಿದವು

ಮಕ್ಕಳು ಆರು ವರ್ಷದೊಳಗಿದ್ದರೆ ಕಲಾ ಮ್ಯೂಸಿಯಮ್ಮಿನ ಆಸೆಯನ್ನೇ ಸ್ವಲ್ಪ ಬದಿಗಿಡಿ. ಸೆಂಟ್ರಲ್ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ನೆಮೊ ವಿಜ್ಞಾನ ಮ್ಯೂಸಿಯಂ. ನೀರಿನಿಂದ ಎದ್ದ ಹಸಿರು ಹಡಗಿನಂಥ ಕಟ್ಟಡ. ಇಲ್ಲಿ ಎಲ್ಲವನ್ನೂ ಮುಟ್ಟಬಹುದು, ಮಕ್ಕಳಿಗೆ ಬೇಕಾದ್ದೂ ಅದೇ. ಆದರೆ ನಾಲ್ಕು ದಾಟಿದ ಮಕ್ಕಳಿಗೂ ಟಿಕೆಟ್ ಇದೆ. ದುಡ್ಡು ಉಳಿಸಬೇಕಿದ್ದರೆ ಒಳಗೆ ಹೋಗದೆ ಇಳಿಜಾರು ಚಾವಣಿ ಹತ್ತಿ ಊರು ನೋಡಿ ಬನ್ನಿ, ಅದಕ್ಕೆ ಕಾಸಿಲ್ಲ. ಹೋಗುವ ದಾರಿಯಲ್ಲೇ ದೊಡ್ಡ ಸಾರ್ವಜನಿಕ ಗ್ರಂಥಾಲಯ ಸಿಗುತ್ತದೆ. ಯಾರು ಬೇಕಾದರೂ ಒಳಗೆ ಹೋಗಬಹುದು. ಮಕ್ಕಳ ವಿಭಾಗ ಇದೆ, ಮೇಲ್ಮಹಡಿಯಲ್ಲಿ ಊಟದ ಜಾಗ ಇದೆ. ಮಳೆ ಹಿಡಿದ ದಿನ ನಾವು ಇಲ್ಲಿ ಕೂತೇ ಅರ್ಧ ದಿನ ಕಳೆದದ್ದುಂಟು.

ರೆಂಬ್ರಾಂಟ್ ವಾಸವಿದ್ದ ಮನೆ ನನಗೆ ಸ್ವಂತವಾಗಿ ತುಂಬ ಇಷ್ಟ. 1639ರಲ್ಲಿ ಸಾಲ ಮಾಡಿ ಕೊಂಡ, 1656ರಲ್ಲಿ ದಿವಾಳಿಯಾದ. ಸಾಲ ಕೊಟ್ಟವರಿಗೆಂದು ಮನೆಯ ಸಾಮಾನೆಲ್ಲ ಪಟ್ಟಿ ಮಾಡಿದರು. ಆ ಪಟ್ಟಿ ಉಳಿದಿದ್ದರಿಂದಲೇ ಇಂದು ಕೋಣೆಗಳನ್ನು ಹಾಗೇ ಜೋಡಿಸಲು ಆಗಿದೆ. ಬಣ್ಣ ಅರೆಯುವುದನ್ನು, ತಾಮ್ರದ ತಗಡಿನಿಂದ ಅಚ್ಚು ತೆಗೆಯುವುದನ್ನು ಮಾಡಿ ತೋರಿಸುತ್ತಾರೆ. ಆದರೆ ಮೆಟ್ಟಿಲು ಕಿರಿದು, ಕಡಿದು. ಮಂಡಿ ನೋವಿರುವವರನ್ನು ಕರೆದೊಯ್ಯಬೇಡಿ.

ಆನ್ ಫ್ರಾಂಕ್ ಮನೆಯನ್ನು ಈ ಒಂದು ದಿನಕ್ಕೆ ತುರುಕಬೇಡಿ ಎಂದೇ ನನ್ನ ಸಲಹೆ. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ನಾಜಿಗಳಿಗೆ ಹೆದರಿ ಯಹೂದಿ ಹುಡುಗಿ ಆನ್ ಸೇರಿ ಎಂಟು ಜನ ಅಡಗಿ ಕೂತಿದ್ದ ಜಾಗ ಅದು, ಅವಳು ತನ್ನ ಡೈರಿ ಬರೆದದ್ದೂ ಅಲ್ಲೇ. ನೋಡಿ ಹೊರಬಂದ ಮೇಲೆ ಐಸ್‌ಕ್ರೀಂ, ದೋಣಿ ಎಂದು ಕುಣಿಯಲು ಮನಸ್ಸು ಬರುವುದಿಲ್ಲ. ಇಲ್ಲೂ ಮೆಟ್ಟಿಲು ಕಡಿದಾಗಿದೆ. ಟಿಕೆಟ್ ಪ್ರತಿ ಮಂಗಳವಾರ, ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಮಗಳು ಆ ಡೈರಿ ಓದಿದ್ದಾಳೆ, ನೋಡಲೇಬೇಕು ಅನ್ನುತ್ತಾಳೆ ಎಂದಾದರೆ ಆ ದಿನ ಬೇರೆ ಯಾವ ಮ್ಯೂಸಿಯಮ್ಮೂ ಬೇಡ.

ಸ್ಟೆಡಲೈಕ್ ಎಂಬ ಆಧುನಿಕ ಕಲೆಯ ಮ್ಯೂಸಿಯಮ್ಮೂ ಅದೇ ಮೈದಾನದಲ್ಲಿದೆ. ಬಿಳಿ ಬಾತ್‌ಟಬ್ಬಿನ ಹಾಗೆ ಕಾಣುತ್ತದೆ, ಊರಿನವರು ಹಾಗೇ ಕರೆಯುತ್ತಾರೆ ಕೂಡ. ಒಂದೇ ದಿನ ಇರುವವರು ಹೊರಗಿನಿಂದ ನೋಡಿದರೆ ಸಾಕು.

ದುಡ್ಡಿನ ಲೆಕ್ಕ

ರೈಕ್ಸ್ ಮತ್ತು ವ್ಯಾನ್ ಗೋ ಎರಡರಲ್ಲೂ ದೊಡ್ಡವರಿಗೆ ಸುಮಾರು 25 ಯೂರೋ. 18 ವರ್ಷದೊಳಗಿನವರಿಗೆ ಎರಡೂ ಕಡೆ ಉಚಿತ, ಆದರೆ ಅವರ ಹೆಸರಿಗೂ ಸೊನ್ನೆ ಯೂರೋದ ಟಿಕೆಟ್ ಹಾಕಿಸಲು ಮರೆಯಬೇಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳಾದರೆ ಒಂದು ಮ್ಯೂಸಿಯಮ್ಮಿಗೆ 50 ಯೂರೋ. ದೋಣಿ ಬೇರೆ.

ಇಲ್ಲಿ ಬಹಳ ಜನ ಮುಗ್ಗರಿಸುವುದು ಸಿಟಿ ಕಾರ್ಡಿನ ವಿಷಯದಲ್ಲಿ. ಮ್ಯೂಸಿಯಂ, ಟ್ರಾಮ್, ದೋಣಿ ಎಲ್ಲ ಸೇರಿದೆ ಎಂದು ಎಲ್ಲರಿಗೂ ಒಂದೊಂದು ಕೊಂಡುಬಿಡುತ್ತಾರೆ. ಅದರಲ್ಲಿ ವ್ಯಾನ್ ಗೋ ಇಲ್ಲ, ಆನ್ ಫ್ರಾಂಕ್ ಮನೆಯೂ ಇಲ್ಲ. ಮಕ್ಕಳಿಗೆ ದೊಡ್ಡ ಮ್ಯೂಸಿಯಮ್ಮುಗಳು ಹೇಗೂ ಉಚಿತ. ದಿನಕ್ಕೆ ಒಂದೇ ಮ್ಯೂಸಿಯಂ ಎನ್ನುವ ನಮ್ಮ ಲೆಕ್ಕಕ್ಕೆ ಆ ಕಾರ್ಡು ಬಾಳುವುದಿಲ್ಲ. ಮೂರು ನಾಲ್ಕು ಮ್ಯೂಸಿಯಂ ಓಡಿಕೊಂಡು ನೋಡುವ ಜೋಡಿಗಳಿಗೆ ಸರಿ. ಈ ದೇಶದಲ್ಲೇ ನೆಲೆಸಿರುವ ನಮ್ಮವರ ಲೆಕ್ಕ ಬೇರೆ. ವರ್ಷದ ಮ್ಯೂಸಿಯಂ ಕಾರ್ಡು ಮಾಡಿಸಿಕೊಂಡರೆ ನಾಲ್ಕನೇ ಸಲಕ್ಕೆ ದುಡ್ಡು ಬಂದ ಹಾಗೆ. ಊರಿನಿಂದ ಬಂದವರನ್ನು ಪ್ರತಿ ಸಲ ಕರೆದೊಯ್ಯುವವರು ನೀವೇ ತಾನೇ?

ಟ್ರಾಮಿಗೆ ಪ್ರತ್ಯೇಕ ಟಿಕೆಟ್ ಹುಡುಕಬೇಡಿ. ಬ್ಯಾಂಕ್ ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮುಟ್ಟಿಸಿದರೆ ಸಾಕು. ಆದರೆ ಒಬ್ಬರಿಗೆ ಒಂದು ಕಾರ್ಡು. ಒಂದೇ ಕಾರ್ಡಿನಲ್ಲಿ ನಾಲ್ವರು ಹೋಗಲಾಗದು. ಸೆಂಟ್ರಲ್ ಸ್ಟೇಷನ್ನಿನಿಂದ ಮ್ಯೂಸಿಯಂ ಕಡೆಗೆ 2 ಮತ್ತು 12ನೇ ಟ್ರಾಮ್ ಹೋಗುತ್ತವೆ.

ದೋಣಿ ಮತ್ತು ಊಟ

ಊರು ನೋಡುವುದಕ್ಕೆ ನಡೆಯುವುದೋ, ದೋಣಿಯೋ? ಹಿರಿಯರಿದ್ದರೆ ಈ ಪ್ರಶ್ನೆಯೇ ಬೇಡ. ಒಂದು ಗಂಟೆ ಕೂತು, ಕಾಲಿಗೆ ಬಿಡುವು ಕೊಟ್ಟು ಇಡೀ ಕಾಲುವೆ ಪಟ್ಟಿ ನೋಡಬಹುದು. 17ನೇ ಶತಮಾನದಲ್ಲಿ ತೋಡಿದ ಈ ಕಾಲುವೆಗಳು 2010ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಮ್ಯೂಸಿಯಂ ಮುಗಿದ ಮೇಲೆ ರೈಕ್ಸ್ ಹತ್ತಿರದ ಕಟ್ಟೆಯಿಂದಲೇ ಹತ್ತಿಬಿಡಿ. ಮಳೆ, ಚಳಿಯಾದರೆ ಗಾಜಿನ ಚಾವಣಿಯ ದೊಡ್ಡ ದೋಣಿ. ಬಿಸಿಲಿದ್ದರೆ ತೆರೆದ ಸಣ್ಣ ದೋಣಿ, ನಾಲ್ಕೈದು ಯೂರೋ ಜಾಸ್ತಿಯಾದರೂ ಪರವಾಗಿಲ್ಲ.

ದೋಣಿಯಲ್ಲಿ ಕೂತಾಗ ಮನೆಗಳ ನೆತ್ತಿ ನೋಡಿ. ಬಹುಪಾಲು ಮನೆಗಳಿಗೆ ಒಂದು ಕೊಕ್ಕೆ ಇರುತ್ತದೆ. ಒಳಗಿನ ಮೆಟ್ಟಿಲು ಅಷ್ಟು ಕಿರಿದು, ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳಬೇಕು. ಗೋಡೆಗೆ ತಾಗದಿರಲೆಂದು ಮನೆಯನ್ನೇ ಸ್ವಲ್ಪ ಮುಂದಕ್ಕೆ ವಾಲಿಸಿ ಕಟ್ಟಿದ್ದಾರೆ. ಈ ಮನೆಗಳಿಗೆ ದುಡ್ಡು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ಮೆಣಸು, ಸಾಂಬಾರ ಪದಾರ್ಥ, ಗುಲಾಮರ ದುಡಿಮೆ ಎಲ್ಲವನ್ನೂ ಹೇಳಿ. 1602ರಲ್ಲಿ ಶುರುವಾದ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ನಮ್ಮ ಕುಂದಾಪುರದ ಪಕ್ಕದ ಬಸ್ರೂರಿನಲ್ಲೂ ಒಂದು ವ್ಯಾಪಾರದ ಕೋಠಿ ಇಟ್ಟಿತ್ತು. ಉಡುಪಿ ಕಡೆಯವರಾದ ನನ್ನ ಮಾವ ಇದನ್ನು ಕೇಳಿದ ಮೇಲೆ ಪ್ರತಿ ಮನೆಯನ್ನೂ "ಇದು ನಮ್ಮ ಅಕ್ಕಿ ದುಡ್ಡಿನದೇ" ಎಂದು ತೋರಿಸತೊಡಗಿದರು.

ಊಟಕ್ಕೆ ಮ್ಯೂಸಿಯಂ ಮೈದಾನದ ಸುತ್ತ ದುಬಾರಿ. ಹತ್ತು ಹದಿನೈದು ನಿಮಿಷ ನಡೆದರೆ ಆಲ್ಬರ್ಟ್ ಕಾಯ್ಪ್ ಸಂತೆ, ಭಾನುವಾರ ಇಲ್ಲ. ಎರಡು ತೆಳು ಬಿಲ್ಲೆಗಳ ನಡುವೆ ಸಿಹಿ ಪಾಕ ತುಂಬಿದ ಸ್ಟ್ರೋಪ್‌ವಾಫಲ್ ಬಿಸಿಬಿಸಿಯಾಗಿ ಅಲ್ಲೇ ತಿನ್ನಬೇಕು, ಪೊಟ್ಟಣದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಸಸ್ಯಾಹಾರಿಗಳಿಗೆ ಫ್ರೈಸ್, ಫಲಾಫಲ್, ಪ್ಯಾನ್‌ಕೇಕ್ ಇದ್ದೇ ಇದೆ. ಮೂರು ದಿನದಿಂದ ಬ್ರೆಡ್ಡು ತಿಂದು ಬೇಸತ್ತ ಹಿರಿಯರಿದ್ದರೆ ಸುರಿನಾಮ್ ಹೋಟೆಲು ಹುಡುಕಿ, ಮಾಂಸವಿಲ್ಲದ ರೊಟ್ಟಿ ಕೇಳಿ. 1873ರಿಂದ ಕಲ್ಕತ್ತೆಯ ಬಂದರಿನಿಂದ ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮಿಗೆ ಕೂಲಿಗೆಂದು ಹೋದವರ ಮಕ್ಕಳು ಮೊಮ್ಮಕ್ಕಳ ಅಡುಗೆ ಅದು. ರೊಟ್ಟಿ, ಆಲೂಗಡ್ಡೆ, ಉದ್ದ ಹುರುಳಿಕಾಯಿ ಪಲ್ಯ. ಹೊರದೇಶದಲ್ಲಿ ತಿಂದ ಹಾಗೆಯೇ ಅನ್ನಿಸುವುದಿಲ್ಲ.

ಟುಲಿಪ್ ಕಾಲದಲ್ಲಿ ಬರುವವರು ಕಾಯ್ಕನ್‌ಹಾಫ್ ತೋಟವನ್ನೂ ಇದೇ ದಿನ ಮುಗಿಸೋಣ ಅನ್ನುತ್ತಾರೆ. ಆಗುವುದಿಲ್ಲ. ಅದು ಊರ ಹೊರಗೆ, ಅದಕ್ಕೇ ಒಂದು ದಿನ ಬೇಕು. ಏಪ್ರಿಲ್ 27ರ ರಾಜನ ಹುಟ್ಟುಹಬ್ಬದ ದಿನ ಊರು ಪೂರ್ತಿ ಕಿತ್ತಳೆ ಬಣ್ಣ. ನೋಡಲು ಚೆಂದ, ಆದರೆ ಅವತ್ತು ಸ್ಟ್ರಾಲರ್ ತಳ್ಳಿಕೊಂಡು ಮ್ಯೂಸಿಯಂ ತಲುಪುವುದು ಕಷ್ಟ.

ಸಂಜೆಗೆ ಕಾಲು ಸೋತರೂ ರೈಲು ಹತ್ತಲು ಇನ್ನೂ ಹೊತ್ತಿದೆ ಎಂದಾದರೆ ಸೆಂಟ್ರಲ್ ಸ್ಟೇಷನ್ನಿನ ಹಿಂಬದಿಯ ಬಾಗಿಲಿನಿಂದ ಹೊರಗೆ ಬನ್ನಿ. ಆಚೆ ದಡಕ್ಕೆ ಫೆರಿಗಳು ಹೋಗುತ್ತಿರುತ್ತವೆ, ಹಗಲೂ ರಾತ್ರಿ. ಟಿಕೆಟ್ ಇಲ್ಲ, ದುಡ್ಡಿಲ್ಲ. ಸೈಕಲ್ಲುಗಳ ನಡುವೆ ನಿಂತು ಹೋಗಿ, ಆಚೆ ಐದು ನಿಮಿಷ ಗಾಳಿ ಕುಡಿದು ವಾಪಸ್ ಬನ್ನಿ. ಎರಡು ಮ್ಯೂಸಿಯಮ್ಮಿನಲ್ಲಿ ಸುಸ್ತಾಗಿದ್ದ ನಮ್ಮ ಮಾವ ಆ ದಿನ ಇದರಲ್ಲಿ ಮೂರು ಸಲ ಹೋಗಿ ಬಂದರು.